ಎಸೆದ ಮಾತ್ರೆಯೂ ಮಾತ್ರೆಯೇ

ಮರೆಗುಳಿ ರೋಗಿಗಳಿಗೆ ಹೊತ್ತುಹೊತ್ತಿಗೆ ಔಷಧ ಕೊಡುವವರು ಉಳಿದ ಔಷಧವನ್ನು ವಿಲೇವಾರಿ ಮಾಡುವಾಗ ಅದೇ ಶ್ರದ್ಧೆ ತೋರುವುದು ಅಪರೂಪ. ವೈದ್ಯರು ಮಾತ್ರೆ ಬದಲಿಸಿದರೂ ಹಳೆಯ ಸ್ಟ್ರಿಪ್ ಡಬ್ಬಿಯಲ್ಲೇ ಉಳಿಯುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬಾರದು. ಬೆಳಗ್ಗೆ ಮಾತ್ರೆ ನುಂಗಿದ್ದನ್ನೇ ಮರೆತ ಹಿರಿಯರ ಕೈಗೆ ಮಧ್ಯಾಹ್ನ ಅದು ಸಿಕ್ಕುತ್ತದೆ. ಕಸದ ಬುಟ್ಟಿಗೆ ಹಾಕಿದರೂ ಅಪಾಯ ತಪ್ಪಿತೆನ್ನಲಾಗದು. ತಿನ್ನಬಾರದ್ದನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವುದು ಈ ಕಾಯಿಲೆ ಬಲಿತವರಲ್ಲಿ ಕಂಡುಬರುವ ವರ್ತನೆ.

ಚರ್ಮಕ್ಕೆ ಅಂಟಿಸುವ ರಿವಾಸ್ಟಿಗ್ಮಿನ್ ಪ್ಯಾಚಿನ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. 24 ಗಂಟೆಗಳಲ್ಲಿ 9.5 ಮಿಲಿಗ್ರಾಂ ಔಷಧವನ್ನು ದೇಹಕ್ಕೆ ಸೇರಿಸುವ ಪ್ಯಾಚಿನಲ್ಲಿ ತುಂಬಿರುವುದು 18 ಮಿಲಿಗ್ರಾಂ. ಕಿತ್ತು ತೆಗೆದ ಮೇಲೂ ಸುಮಾರು ಅರ್ಧದಷ್ಟು ಅದರಲ್ಲೇ ಇರುತ್ತದೆ. ಹಳೆಯದನ್ನು ತೆಗೆಯದೆ ಹೊಸದನ್ನು ಅಂಟಿಸಿದರೆ ವಾಂತಿ, ನಾಡಿಬಡಿತದ ಇಳಿಕೆ ಕಾಣಿಸಿಕೊಳ್ಳಬಹುದು; ಪ್ರಾಣಕ್ಕೇ ಎರವಾದದ್ದೂ ಉಂಟು. ತೆಗೆದ ಪ್ಯಾಚನ್ನು ಅಂಟು ಒಳಗಾಗುವಂತೆ ಮಡಚಿ, ಅದು ಬಂದ ಲಕೋಟೆಗೇ ಹಾಕಿ, ರೋಗಿಗೆ ಎಟುಕದಲ್ಲಿ ಇಟ್ಟು, ಕೈ ತೊಳೆದುಕೊಳ್ಳಬೇಕು.

ಆರೈಕೆ ಕೇಂದ್ರಗಳ ತೊಡಕು ಬೇರೆ. ಒಬ್ಬರು ತೀರಿಕೊಂಡಾಗ ಉಳಿದ ಮಾತ್ರೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಡುವುದು ದಯೆಯಂತೆ ತೋರಬಹುದು. ಅದು ದಯೆಯಲ್ಲ, ಪ್ರಮಾದ. ಇಬ್ಬರು ಸಿಬ್ಬಂದಿ ಜತೆಗೂಡಿ ಎಣಿಸಿ, ಪುಸ್ತಕದಲ್ಲಿ ಬರೆದು, ಬೀಗ ಹಾಕಿಡುವುದು ಸರಿಯಾದ ಕ್ರಮ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಅವಧಿ ಮೀರಿದ, ಬೇಡವಾದ ಔಷಧಗಳನ್ನು ಹಳದಿ ವರ್ಗಕ್ಕೆ ಸೇರಿಸಿವೆ.

ಮನೆಗಳಲ್ಲಿ ಉಳಿದ ಔಷಧವನ್ನು ಹಿಂದಕ್ಕೆ ಪಡೆಯಲು ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ‘ಎನ್‌ಪ್ರೌಡ್’ ಯೋಜನೆಯನ್ನು ಕಲ್ಲಿಕೋಟೆ ಜಿಲ್ಲೆಯಲ್ಲಿ ಆರಂಭಿಸಿತು. ಇಂಥ ವ್ಯವಸ್ಥೆ ಕಾಸರಗೋಡಿನ ಊರೂರಿಗೆ ಬೇಕು. ಇಲ್ಲಿ ಬಾವಿಯೂ ಶೌಚದ ಗುಂಡಿಯೂ ಒಂದೇ ಹಿತ್ತಲಲ್ಲಿರುತ್ತವೆ. ಗುಡ್ಡದ ಮನೆಗಳವರು ಇಂದಿಗೂ ಸುರಂಗದ ನೀರು ಕುಡಿಯುತ್ತಾರೆ. ಮಣ್ಣಿನಲ್ಲಿ ಹೂತದ್ದು ಮಳೆಗಾಲದಲ್ಲಿ ಎಲ್ಲಿಗೆ ಇಳಿಯುವುದೋ ಹೇಳಲಾಗದು. ಹರಿತ ಕರ್ಮ ಸೇನೆಯ ಚೀಲಕ್ಕೆ ಮಾತ್ರೆಯುಳ್ಳ ಸ್ಟ್ರಿಪ್ ಸೇರಿಸಿದರೆ ಅಪಾಯ ವಿಂಗಡಿಸುವ ಹೆಂಗಸರ ಕೈಗೆ ದಾಟುತ್ತದೆ, ಅಷ್ಟೇ.

ಸದ್ಯಕ್ಕೆ ಮನೆಯವರು ಮಾಡಬಹುದಾದದ್ದು ಇಷ್ಟು: ಒಮ್ಮೆಗೆ ಒಂದು ತಿಂಗಳಿಗಿಂತ ಹೆಚ್ಚು ಔಷಧ ಕೊಳ್ಳದಿರುವುದು, ವೈದ್ಯರು ನಿಲ್ಲಿಸಿದ ಮಾತ್ರೆಯನ್ನು ಅಂದೇ ಬೇರ್ಪಡಿಸಿ ಬೀಗದ ಡಬ್ಬಿಗೆ ಹಾಕುವುದು, ಮುಂದಿನ ಸಲ ಔಷಧದಂಗಡಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗುವಾಗ ಆ ಡಬ್ಬಿಯನ್ನೂ ಒಯ್ದು, ಹಿಂದಕ್ಕೆ ಪಡೆಯುತ್ತೀರಾ ಎಂದು ಕೇಳುವುದು.