ನಿಂತಲ್ಲೇ ಸವೆಯುವ ಮನೆಗಾಡಿ

2025ರ ಜುಲೈ 1ರ ಬೆಳಿಗ್ಗೆ ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಪೊಲೀಸರು ಕಾವಲು ನಿಂತಿದ್ದರು. ಒಳಗೆ ಬಂದ ಗಾಡಿಗಳ ನಂಬರ್ ಪ್ಲೇಟನ್ನು ಕ್ಯಾಮೆರಾ ಓದುತ್ತಿತ್ತು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಥವಾ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಎಂದು ತಿಳಿದರೆ ಇಂಧನ ಹಾಕುವಂತಿರಲಿಲ್ಲ. ಗಾಡಿ ಎಷ್ಟು ಓಡಿದೆ, ಎಷ್ಟು ಹೊಗೆ ಬಿಡುತ್ತದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ನೋಂದಣಿಯ ತಾರೀಖೊಂದೇ ಮುಖ್ಯ.

ಜನರ ಸಿಟ್ಟು ಮತ್ತು ತಾಂತ್ರಿಕ ತೊಡಕುಗಳಿಂದಾಗಿ ಆ ಕ್ರಮ ಕೆಲವೇ ದಿನಗಳಲ್ಲಿ ನಿಂತುಹೋಯಿತು. ಆದರೆ ಅದರ ಬೇರು ಹಳೆಯದು. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು 2015ರ ಏಪ್ರಿಲ್‌ನಲ್ಲಿ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2018ರ ಅಕ್ಟೋಬರ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ, ವಯಸ್ಸಾಯಿತೆಂಬ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ ಹೊಗೆ ಮಾನದಂಡದ ಬಿಎಸ್-4 ಮತ್ತು ಅದಕ್ಕಿಂತ ಹೊಸ ಎಂಜಿನ್‌ಗಳಿಗೆ ಸೀಮಿತಗೊಳಿಸಿತು.

ಈ ವಯಸ್ಸಿನ ಲೆಕ್ಕ ಟ್ಯಾಕ್ಸಿಯವರನ್ನು ಅಷ್ಟಾಗಿ ಕಾಡುವುದಿಲ್ಲ. ಹತ್ತು ವರ್ಷದಲ್ಲಿ ಅವರ ಗಾಡಿ ದುಡಿದು ಮುಗಿದಿರುತ್ತದೆ. ನಿಜವಾಗಿ ಪೆಟ್ಟು ಬೀಳುವುದು ವರ್ಷದ ಬಹುಪಾಲು ದಿನ ನಿಂತೇ ಇರುವ ಕ್ಯಾರವಾನ್‌ಗೆ.

ಕನ್ನಡಿಗರಿಗೆ ಕ್ಯಾರವಾನ್ ಎಂದರೆ ಶೂಟಿಂಗ್ ಜಾಗದಲ್ಲಿ ನಟ-ನಟಿಯರಿಗಾಗಿ ನಿಲ್ಲಿಸಿರುವ ಗಾಡಿ. ಆದರೆ ಮಲಗಲು ಹಾಸಿಗೆ, ಕೂರಲು ಸೀಟು ಮತ್ತು ಮೇಜು, ಅಡುಗೆಗೆ ಜಾಗ, ಸಾಮಾನಿಡಲು ಕಪಾಟು ಇರುವ ವಾಹನವನ್ನು ಸರ್ಕಾರಿ ಮಾನದಂಡ ಎಐಎಸ್-124 ಮೋಟಾರ್ ಕ್ಯಾರವಾನ್ ಎಂದು ಗುರುತಿಸುತ್ತದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಖಾಸಗಿ ವಾಹನಗಳ ಸಾಲಿಗೆ ಸೇರುತ್ತದೆ. ಇಂದೋರ್ ಬಳಿಯ ಪೀಥಂಪುರದಲ್ಲಿ ಪಿನ್ನಾಕಲ್ ಇಂಡಸ್ಟ್ರೀಸ್, ಚಂಡೀಗಢದ ಕಡೆ ಜೆಸಿಬಿಎಲ್ ಇಂಥವನ್ನು ಕಟ್ಟಿಕೊಡುತ್ತವೆ. ಹೆಚ್ಚಿನವರು ಆಯ್ದುಕೊಳ್ಳುವುದು ಪೀಥಂಪುರದಲ್ಲೇ ತಯಾರಾಗುವ ಫೋರ್ಸ್ ಟ್ರಾವೆಲರ್‌ನಂಥ ಡೀಸೆಲ್ ವ್ಯಾನನ್ನು. ಹಾಗಾಗಿ ನ್ಯಾಯಾಲಯದ ರಕ್ಷಣೆ ಇಲ್ಲದಿದ್ದರೆ ದೆಹಲಿಯ ಕ್ಯಾರವಾನ್ ಮಾಲೀಕನ ಮುಂದಿರುವುದು ಸಾಮಾನ್ಯವಾಗಿ ಹದಿನೈದಲ್ಲ, ಹತ್ತು ವರ್ಷದ ಗಡಿಯಾರ.

ಒಂದು ಸರಳ ಲೆಕ್ಕ ಹಾಕಿ ನೋಡಬಹುದು. ಗಾಡಿ, ಒಳಾಂಗಣ ಎಲ್ಲ ಸೇರಿ 30 ಲಕ್ಷ ರೂಪಾಯಿ ಆಯಿತು ಎಂದಿಟ್ಟುಕೊಳ್ಳೋಣ. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 820 ರೂಪಾಯಿ ಚಿಲ್ಲರೆ. ಆದರೆ ಕುಟುಂಬ ಅದರಲ್ಲಿ ಮಲಗುವುದು ವರ್ಷಕ್ಕೆ 30 ರಾತ್ರಿ ಮಾತ್ರವಾದರೆ, ಒಂದು ರಾತ್ರಿಯ ಬೆಲೆ 10,000 ರೂಪಾಯಿ. ಕೊನೆಗೆ ಮಾರಿದಾಗ ಒಂದಿಷ್ಟು ವಾಪಸು ಬರುತ್ತದೆ, ನಿಜ. ಆದರೆ ಇದರಲ್ಲಿ ಡೀಸೆಲ್, ವಿಮೆ, ಸರ್ವಿಸ್, ಟೈರ್ ಯಾವುದೂ ಇನ್ನೂ ಸೇರಿಲ್ಲ. ಓಡಿಸುವ ಖರ್ಚನ್ನು ಎಲ್ಲರೂ ಮೊದಲೇ ಅಂದಾಜು ಮಾಡುತ್ತಾರೆ. ನೋಯ್ಡಾದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಝಾನ್ಸಿ, ನಾಗಪುರ, ಹೈದರಾಬಾದ್ ದಾರಿಯಲ್ಲಿ ಬೆಂಗಳೂರಿಗೆ ಹೊರಟರೆ ಸುಮಾರು 2,150 ಕಿಲೋಮೀಟರ್. ಲೀಟರಿಗೆ 10 ಕಿಲೋಮೀಟರ್ ಹಿಡಿದರೆ 215 ಲೀಟರ್. 2025ರಲ್ಲಿ ದೆಹಲಿಯಲ್ಲಿದ್ದ 88 ರೂಪಾಯಿ ಆಸುಪಾಸಿನ ದರದಲ್ಲಿ 19,000 ರೂಪಾಯಿ. ಟೋಲ್ ಬೇರೆ. ಈ ಖರ್ಚು ಕಣ್ಣಿಗೆ ಕಾಣುತ್ತದೆ. ಕಾಣದ ಖರ್ಚು ಹುಟ್ಟುವುದು ಗಾಡಿ ನಿಂತಿದ್ದಾಗ, ಮತ್ತು ಅದರ ಹಿಂದಿರುವುದು ಅಪ್ಪಟ ರಸಾಯನಶಾಸ್ತ್ರ.

ಮೊದಲು ಬ್ಯಾಟರಿ. ಕ್ಯಾರವಾನ್‌ನಲ್ಲಿ ಎರಡಿರುತ್ತವೆ: ಎಂಜಿನ್ ಸ್ಟಾರ್ಟ್ ಮಾಡಲು ಒಂದು, ಒಳಗಿನ ದೀಪ, ಫ್ರಿಜ್, ನೀರಿನ ಪಂಪಿಗೆ ಇನ್ನೊಂದು. ಗಾಡಿ ಆಫ್ ಆಗಿದ್ದರೂ ಗಡಿಯಾರ, ಅಲಾರಂ, ಗ್ಯಾಸ್ ಸೋರಿಕೆ ಪತ್ತೆಯ ಸಾಧನಗಳು ಸದಾ ತುಸು ಕರೆಂಟ್ ಎಳೆಯುತ್ತಿರುತ್ತವೆ. ಅದು 50 ಮಿಲಿ ಆಂಪಿಯರ್ ಆದರೂ ತಿಂಗಳಿಗೆ 36 ಆಂಪಿಯರ್-ಅವರ್ ಆಗುತ್ತದೆ, ಅಂದರೆ 100 ಆಂಪಿಯರ್-ಅವರ್ ಬ್ಯಾಟರಿಯ ಮೂರನೇ ಒಂದು ಭಾಗಕ್ಕೂ ಹೆಚ್ಚು. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಇಳಿದ ಸ್ಥಿತಿಯಲ್ಲೇ ಬಿದ್ದಿದ್ದರೆ ಅದರ ತಟ್ಟೆಗಳ ಮೇಲಿನ ಸೀಸದ ಸಲ್ಫೇಟ್ ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಹರಳು ಪೂರ್ತಿ ಕರಗುವುದಿಲ್ಲ. ಅಷ್ಟು ಸಾಮರ್ಥ್ಯ ಶಾಶ್ವತವಾಗಿ ಹೋದಂತೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಬ್ಯಾಟರಿಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಒರಟು ಲೆಕ್ಕ. ದೆಹಲಿಯ ಮೇ ತಿಂಗಳ ಬಿಸಿಲಲ್ಲಿ ನಿಂತ ಗಾಡಿಯ ಒಳಗಿನ ತಾಪವನ್ನು ನೆನೆದರೆ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಾಳಿದ ಬ್ಯಾಟರಿ ಅಲ್ಲಿ ಬೇಗ ಸೋಲುವುದೇಕೆ ಎಂಬುದು ಅರ್ಥವಾಗುತ್ತದೆ.

ಟೈರಿನ ಕಥೆ ಇನ್ನೂ ಕುತೂಹಲಕರ. ದೆಹಲಿಯ ಚಳಿಗಾಲದ ಹೊಗೆಮಂಜು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಆ ನಗರವನ್ನು ಕಾಡುವುದು ಕಣ್ಣಿಗೆ ಕಾಣದ ಓಝೋನ್. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೂ ಆವಿಯಾಗುವ ಇಂಗಾಲದ ಸಂಯುಕ್ತಗಳೂ ಸುಡುಬಿಸಿಲಲ್ಲಿ ವರ್ತಿಸಿ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ರಬ್ಬರಿನ ಉದ್ದನೆಯ ಅಣುಸರಪಳಿಯಲ್ಲಿ ಇಂಗಾಲದ ಜೋಡಿಬಂಧಗಳಿವೆ; ಓಝೋನ್ ನೇರವಾಗಿ ಅವುಗಳಿಗೇ ಕೈಹಾಕಿ ಸರಪಳಿಯನ್ನು ತುಂಡರಿಸುತ್ತದೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿಗೆ ಮೇಣವನ್ನೂ 6ಪಿಪಿಡಿ ಎಂಬ ರಾಸಾಯನಿಕವನ್ನೂ ಬೆರೆಸುತ್ತಾರೆ. ಟೈರ್ ಉರುಳುವಾಗ ಬಾಗಿ, ಬಿಸಿಯಾಗಿ, ಈ ರಕ್ಷಕಗಳು ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತವೆ. ನಿಂತ ಟೈರಿಗೆ ಆ ಭಾಗ್ಯವಿಲ್ಲ. ಮೂರು-ನಾಲ್ಕು ಟನ್ ಭಾರ ತಿಂಗಳುಗಟ್ಟಲೆ ಒಂದೇ ಜಾಗದ ಮೇಲೆ ಕೂತಿರುತ್ತದೆ. ಪಕ್ಕದ ಗೋಡೆ ಉಬ್ಬಿ, ಎಳೆದು ಹಿಡಿದಂತಿರುತ್ತದೆ. ಬಿರುಕು ಮೊದಲು ಮೂಡುವುದು ಅಲ್ಲೇ.

ಹಾಗಾಗಿ ಹೊಚ್ಚ ಹೊಸದರಂತೆ ಆಳವಾದ ಗೆರೆಗಳಿರುವ ಕ್ಯಾರವಾನ್ ಟೈರ್ ಕೂಡ ಹೆದ್ದಾರಿಯಲ್ಲಿ ಸಿಡಿಯಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ಬಳಸಿದ ಮೇಲೆ ಪ್ರತಿವರ್ಷ ಪರಿಣತರಿಂದ ನೋಡಿಸಿ, ತಯಾರಾಗಿ ಹತ್ತು ವರ್ಷ ತುಂಬಿದ್ದನ್ನು ನೋಡಲು ಚೆನ್ನಾಗಿದ್ದರೂ ತೆಗೆದುಹಾಕಿ ಎಂಬುದು ಮಿಷಲಿನ್ ಕಂಪನಿಯ ಸಲಹೆ.

ಛಾವಣಿಯೂ ಸುಮ್ಮನಿರುವುದಿಲ್ಲ. ಅಲ್ಯುಮಿನಿಯಂ ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ 23 ಮೈಕ್ರೋಮೀಟರಿನಷ್ಟು ಹಿಗ್ಗುತ್ತದೆ. ಜನವರಿಯ ನಸುಕಿನಲ್ಲಿ 5 ಡಿಗ್ರಿಯಲ್ಲಿದ್ದ ಆರು ಮೀಟರ್ ಉದ್ದದ ತಗಡು ಜೂನ್ ಮಧ್ಯಾಹ್ನ 65 ಡಿಗ್ರಿಗೆ ಕಾದರೆ ಎಂಟು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಕಿಟಕಿ, ಗಾಳಿಗಿಂಡಿ, ಸೋಲಾರ್ ಫಲಕದ ಬೋಲ್ಟುಗಳ ಸುತ್ತ ಹಾಕಿದ ಸೀಲೆಂಟ್ ಈ ಎಳೆದಾಟವನ್ನು ವರ್ಷವಿಡೀ ತಾಳಿಕೊಳ್ಳಬೇಕು. ಅದು ಕೂದಲೆಳೆಯಷ್ಟು ಬಿರಿದರೂ ಜುಲೈ ಮಳೆ ಒಳಗಿಳಿಯುತ್ತದೆ. ಒಂದು ಟ್ಯೂಬ್ ಸೀಲೆಂಟಿನ ಬೆಲೆ ಕೆಲವೇ ನೂರು ರೂಪಾಯಿ. ಒಳಗಿನ ಪ್ಲೈವುಡ್ ಕೊಳೆತರೆ ಕಪಾಟು, ಹಾಸಿಗೆ ಎಲ್ಲ ಬಿಚ್ಚಬೇಕು. ಮಳೆಗೆ ಮುಂಚೆ, ಮಳೆಯ ನಂತರ, ವರ್ಷಕ್ಕೆ ಎರಡು ಸಲ ಏಣಿ ಹಾಕಿ ಮೇಲೆ ಹತ್ತಿ ನೋಡುವುದಕ್ಕಿಂತ ಲಾಭದ ಕೆಲಸ ಕ್ಯಾರವಾನ್ ಮಾಲೀಕನಿಗೆ ಇನ್ನೊಂದಿಲ್ಲ.

ಗಾಡಿ ಕೆಡಬಾರದೆಂದು ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ಪದ್ಧತಿ ಎಲ್ಲ ಕಡೆಯೂ ಇದೆ. ಬಿಎಸ್-6 ಡೀಸೆಲ್‌ಗೆ ಇದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟ ಶಕ್ತಿಯೂ ಅಷ್ಟರಲ್ಲಿ ಸರಿಯಾಗಿ ವಾಪಸು ತುಂಬುವುದಿಲ್ಲ. ಹೊಗೆಕೊಳವೆಯಲ್ಲಿ ನೀರಿನಂಶ ಉಳಿಯುತ್ತದೆ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ತನ್ನನ್ನು ತಾನೇ ಶುಚಿ ಮಾಡಿಕೊಳ್ಳಬೇಕಾದರೆ ಆ ಮಸಿ ಸುಮಾರು 600 ಡಿಗ್ರಿಯಲ್ಲಿ ಉರಿಯಬೇಕು. ಹತ್ತು ನಿಮಿಷದಲ್ಲಿ ಅದು ಸಾಧ್ಯವಿಲ್ಲ, ಮಸಿ ಇನ್ನಷ್ಟು ಸೇರುತ್ತದೆ ಅಷ್ಟೆ. ಅದಕ್ಕಿಂತ ತಿಂಗಳಿಗೊಮ್ಮೆ ಕುಂಡ್ಲಿ–ಮಾನೇಸರ್–ಪಲ್ವಲ್ ಎಕ್ಸ್‌ಪ್ರೆಸ್‌ವೇಯಂಥ ರಸ್ತೆಯಲ್ಲಿ ಮುಕ್ಕಾಲು ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಫಿಲ್ಟರ್, ಬ್ಯಾಟರಿ, ಬ್ರೇಕ್, ಟೈರ್ ನಾಲ್ಕಕ್ಕೂ ಒಳ್ಳೆಯದು.

ಹಲವು ಬಿಎಸ್-6 ಡೀಸೆಲ್‌ಗಳಿಗೆ ಹೊಗೆ ಶುಚಿಗೊಳಿಸಲು ಬೇಕಾದ ಡಿಇಎಫ್ ದ್ರವಕ್ಕೂ ಆಯುಸ್ಸಿದೆ. ಅದು ಶುದ್ಧ ನೀರಿನಲ್ಲಿ ಶೇಕಡಾ 32.5ರಷ್ಟು ಯೂರಿಯಾ. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಕೆಡದಿರುವ ಈ ದ್ರವ 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ ತಾಳುತ್ತದೆ. ದೆಹಲಿಯ ಬೇಸಿಗೆಗೆ ಮುಂಚೆ ಕ್ಯಾನುಗಟ್ಟಲೆ ಕೊಂಡಿಡುವುದರಲ್ಲಿ ಉಳಿತಾಯವಿಲ್ಲ.

ಇನ್ನು ಏಸಿ. 2024ರ ಜೂನ್‌ನಲ್ಲಿ ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ರಾತ್ರಿಯ ಕನಿಷ್ಠ ತಾಪಮಾನವೇ 35.2 ಡಿಗ್ರಿ ದಾಖಲಾಗಿತ್ತು. ಅಂಥ ರಾತ್ರಿ ತಗಡಿನ ಗೂಡಿನಲ್ಲಿ ಏಸಿಯಿಲ್ಲದೆ ಮಲಗಲಾಗದು. ಒಂದು ಟನ್ನಿನ ಏಸಿ ಪೂರ್ತಿ ದುಡಿಯುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತದೆ. 200 ಆಂಪಿಯರ್-ಅವರ್‌ನ ದುಬಾರಿ ಲಿಥಿಯಂ ಬ್ಯಾಟರಿಯಲ್ಲಿರುವುದು ಎರಡೂವರೆ ಯೂನಿಟ್ ಕರೆಂಟ್. ಇನ್ವರ್ಟರಿನ ನಷ್ಟ ಕಳೆದರೆ ಎರಡು ಗಂಟೆಯ ತಂಪು. ಛಾವಣಿಯ ಸೋಲಾರ್ ಫಲಕ ಅದನ್ನು ತುಂಬಿಕೊಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಆದರೆ ಫಲಕದ ವ್ಯಾಟ್ ಅಳೆಯುವುದು 25 ಡಿಗ್ರಿಯಲ್ಲಿ. ಒಂದೊಂದು ಡಿಗ್ರಿ ಏರಿದಂತೆ ಶೇಕಡಾ 0.4ರಷ್ಟು ಉತ್ಪಾದನೆ ಕುಸಿಯುವ ಸಿಲಿಕಾನ್ ಫಲಕ 65 ಡಿಗ್ರಿಗೆ ಕಾದಾಗ ಆರನೇ ಒಂದು ಪಾಲು ಕಳೆದುಕೊಂಡಿರುತ್ತದೆ. ಮೇಲೆ ಧೂಳು. ಐಐಟಿ ಗಾಂಧಿನಗರ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಾರ ಹಾಗೇ ಬಿಟ್ಟ ಫಲಕಗಳನ್ನು ತೊಳೆದಾಗ ವಿದ್ಯುತ್ ಸುಮಾರು ಅರ್ಧದಷ್ಟು ಹೆಚ್ಚಿತ್ತು. ರಾಜಸ್ಥಾನದ ಮರಳನ್ನೂ ತನ್ನದೇ ಮಸಿಯನ್ನೂ ಉಣ್ಣುವ ದೆಹಲಿಯಲ್ಲಿ ಫಲಕ ಒರೆಸುವ ಬಟ್ಟೆಯನ್ನು ಗಾಡಿಯಲ್ಲೇ ಇಟ್ಟಿರಬೇಕು.

ಬೇಸಿಗೆಯಲ್ಲಿ ದೆಹಲಿಯ ಕ್ಯಾರವಾನ್ ಹೊರಡುವುದು ಬೆಟ್ಟಕ್ಕೆ. ಅಲ್ಲಿ ಸಮಸ್ಯೆ ತಿರುಗುಮುರುಗಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರದೆ ಲೋಹವಾಗಿ ಮೇಲೆ ಲೇಪನಗೊಳ್ಳುತ್ತದೆ. ಆ ಹಾನಿಗೆ ರಿಪೇರಿ ಇಲ್ಲ. ಎಲ್‌ಪಿಜಿಯಲ್ಲಿರುವ ಬ್ಯೂಟೇನ್ ಸೊನ್ನೆಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಹಿಮಾಚಲದ ಸ್ಪಿತಿಯ ಮುಂಜಾನೆ ಸಿಲಿಂಡರ್ ತುಂಬಿದ್ದರೂ ಒಲೆ ಸೊರಗುತ್ತದೆ. ಚಳಿ ಇನ್ನೂ ಹೆಚ್ಚಾದರೆ ಡೀಸೆಲ್ಲಿನೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖ್‌ಗಾಗಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಹೊರತಂದಿತು. ಅದು ಮೊದಲು ತಯಾರಾದದ್ದು ರಾಜಧಾನಿ ವಲಯದೊಳಗೇ ಇರುವ ಪಾಣಿಪತ್ ಸಂಸ್ಕರಣಾಗಾರದಲ್ಲಿ.

ಹಣ ಕೊಟ್ಟರೂ ಸುಲಭಕ್ಕೆ ಸಿಗದ ಒಂದು ವಸ್ತುವಿದೆ: ನಿಲ್ಲಿಸಲು ಜಾಗ. ಕಾರಿನ ಪಾರ್ಕಿಂಗ್ ಗುರುತು ಸುಮಾರು ಐದು ಮೀಟರ್ ಉದ್ದ. ದೊಡ್ಡ ಕ್ಯಾರವಾನ್ ಆರು-ಏಳು ಮೀಟರ್. ಎತ್ತರ ಎರಡೂವರೆ ಮೀಟರ್ ದಾಟಿದರೆ ದ್ವಾರಕಾ, ನೋಯ್ಡಾ, ಗುರುಗ್ರಾಮದ ಬಹುತೇಕ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಗೆ ನುಗ್ಗುವುದಿಲ್ಲ. ಹೀಗಾಗಿ ಗಾಡಿ ಬಯಲಲ್ಲೇ ಉಳಿಯುತ್ತದೆ. ಮೇಲೆ ಹೇಳಿದ ಬಿಸಿಲು, ಓಝೋನ್, ಮಳೆ ಎಲ್ಲವೂ ಅಲ್ಲೇ ಕಾದಿರುತ್ತವೆ. ಚಳಿಗಾಲದಲ್ಲಿ ಗಾಳಿ ಕೆಟ್ಟು, ಹಂತಹಂತವಾಗಿ ನಿರ್ಬಂಧ ಹೇರುವ ಸರ್ಕಾರಿ ಯೋಜನೆಯಾದ ಗ್ರ್ಯಾಪ್‌ನ ಮೂರನೇ ಹಂತ ಜಾರಿಯಾದರೆ ಬಿಎಸ್-4 ಡೀಸೆಲ್ ಗಾಡಿಯನ್ನು ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮ ಬುದ್ಧ ನಗರಗಳಲ್ಲಿ ರಸ್ತೆಗಿಳಿಸುವಂತಿಲ್ಲ. ಜೈಸಲ್ಮೇರ್‌ಗೆ ಹೋಗಲು ಹದವಾದ ಕಾಲವೂ ಅದೇ.

ರಿಪೇರಿಯ ವಿಷಯದಲ್ಲಿ ಮಾತ್ರ ದೆಹಲಿ ವಾಸಿ. ಎಂಜಿನ್, ಕ್ಲಚ್, ಬ್ರೇಕಿನ ಬಿಡಿಭಾಗಗಳು ಕಾಶ್ಮೀರಿ ಗೇಟ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ 12 ವೋಲ್ಟಿನ ಫ್ರಿಜ್, ಛಾವಣಿಯ ಫ್ಯಾನು, ಕಳಚಿ ಖಾಲಿ ಮಾಡುವ ಟಾಯ್ಲೆಟ್ ಹೆಚ್ಚಾಗಿ ಹೊರದೇಶದಿಂದ ಬರುವಂಥವು. ಒಂದು ರಬ್ಬರ್ ಬಳೆ ಹೋದರೂ ವಾರಗಟ್ಟಲೆ ಕಾಯಬೇಕಾಗುತ್ತದೆ.

ವರ್ಷಕ್ಕೆ ಒಂದೆರಡು ಪ್ರವಾಸ ಸಾಕೆನ್ನುವವರಿಗೆ ಬಾಡಿಗೆಯೇ ಸರಿ. ಕೇರಳ 2021ರಲ್ಲಿ ‘ಕೇರವನ್ ಕೇರಳ’ ಯೋಜನೆ ಪ್ರಕಟಿಸಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಕರೆಂಟ್, ನೀರು, ಕೊಳಚೆ ವಿಲೇವಾರಿ ಮೂರೂ ಇರುವ ಇಂಥ ತಾಣಗಳು ಹೆಚ್ಚಿದಷ್ಟೂ ಗಾಡಿಗಳು ನಿಲ್ಲುವುದು ಕಡಿಮೆಯಾಗಿ ಓಡುವುದು ಹೆಚ್ಚುತ್ತದೆ.

ಸ್ವಂತದ್ದೇ ಬೇಕೆನ್ನುವವರು ದೆಹಲಿಯ ಸೆಕೆಂಡ್ ಹ್ಯಾಂಡ್ ಗಾಡಿಗಳತ್ತ ನೋಡುತ್ತಾರೆ. ಹತ್ತು ವರ್ಷದ ಅಂಚಿಗೆ ಬಂದ ಡೀಸೆಲ್ ಅಲ್ಲಿ ಅಗ್ಗವಾಗುತ್ತದೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿದರೆ ಅದಕ್ಕೆ ಇನ್ನೂ ವರ್ಷಗಳಿವೆ. ಆದರೆ ಇಲ್ಲಿನ ಜೀವಾವಧಿ ತೆರಿಗೆಯನ್ನು ಬೆಲೆಗೆ ಕೂಡಿಸಿಯೇ ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸಬೇಕು. ವ್ಯಾನಿಗೆ ಮಂಚ, ಒಲೆ ಕೂರಿಸಿದ್ದು ಆರ್‌ಸಿ ಪುಸ್ತಕದಲ್ಲಿ ನಮೂದಾಗಿರಬೇಕು: ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡುಗಳಿರುವ ವಾಹನವನ್ನು ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕಾಗದಪತ್ರ ಸರಿಯಿದ್ದರೆ ಟೈರಿನ ನಾಲ್ಕಂಕಿ ಓದಿ, ಒಳಗಿನ ಬ್ಯಾಟರಿಯ ಮೇಲೆ ಅರ್ಧ ಗಂಟೆ ಏಸಿ ಓಡಿಸಿ, ಗಾಳಿಗಿಂಡಿಯ ಸುತ್ತ ಮತ್ತು ನೆಲದ ಮೂಲೆಗಳಲ್ಲಿ ಹೆಬ್ಬೆರಳಿಂದ ಒತ್ತಿ ನೋಡಬೇಕು. ಮೆತ್ತಗೆ ಕುಸಿದರೆ ಒಳಗೆ ನೀರು ಹೊಕ್ಕಿದೆ. ವ್ಯವಹಾರವನ್ನು ಆಗಸ್ಟ್‌ಗೆ ಇಟ್ಟುಕೊಂಡರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಸೋರುವ ಛಾವಣಿಯೂ ಸೋರದ ಛಾವಣಿಯೂ ನೋಡಲು ಒಂದೇ ಥರ ಇರುತ್ತವೆ.