ಸಾವಿಲ್ಲ ಎಂದು ನಂಬಿದವರು

ಪೈಥಾಗೊರಸ್ ಅಂದ್ರೆ ನಮಗೆ ನೆನಪಾಗೋದು ಲಂಬಕೋನ ತ್ರಿಭುಜ. ಆದರೆ ಇಂದಿನ ಬಲ್ಗೇರಿಯಾ, ರೊಮೇನಿಯಾ ಕಡೆಯ ಪ್ರಾಚೀನ ಥ್ರೇಸಿಯನ್ನರ ದೇವರ ಕಥೆಯಲ್ಲೂ ಅವನ ಹೆಸರು ಬರುತ್ತೆ!

ಥ್ರೇಸಿಯನ್ನರಲ್ಲಿ ಗೆಟೆ ಎಂಬ ಪಂಗಡದವರು ತಮಗೆ ಸಾವೇ ಇಲ್ಲ, ತೀರಿಕೊಂಡವರು ಜಲ್ಮಾಕ್ಸಿಸ್ ದೇವರ ಬಳಿ ಹೋಗುತ್ತಾರೆ ಎಂದು ನಂಬಿದ್ದರು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಂತೆ, ಕೆಲವು ವರ್ಷಗಳಿಗೊಮ್ಮೆ ಚೀಟಿ ಎತ್ತಿ ದೂತನೊಬ್ಬನನ್ನು ಆರಿಸಿ, ತಮ್ಮ ಬೇಡಿಕೆ ಹೇಳಿ, ಅವನನ್ನು ಮೇಲಕ್ಕೆಸೆದು ಮೂರು ಈಟಿಗಳ ಮೇಲೆ ಬೀಳಿಸುತ್ತಿದ್ದರು. ಸತ್ತರೆ ದೇವರು ಒಲಿದ ಅಂತ ಅರ್ಥ. ಬದುಕಿದರೆ ದೂತನೇ ಕೆಟ್ಟವನು, ಇನ್ನೊಬ್ಬನನ್ನು ಕಳಿಸೋದು!

ಗ್ರೀಕರ ಕಥೆಯೇ ಬೇರೆ. ಜಲ್ಮಾಕ್ಸಿಸ್ ಪೈಥಾಗೊರಸ್‌ನ ಗುಲಾಮನಾಗಿದ್ದನಂತೆ. ನೆಲಮಾಳಿಗೆಯಲ್ಲಿ 3 ವರ್ಷ ಅಡಗಿದ್ದು, ಸತ್ತು ಎದ್ದುಬಂದಂತೆ ನಂಬಿಸಿದನಂತೆ. ಹೆರೊಡೊಟಸ್‌ಗೇ ಇದರಲ್ಲಿ ಅನುಮಾನ: ಜಲ್ಮಾಕ್ಸಿಸ್ ಇನ್ನೂ ಬಹಳ ಹಿಂದಿನವನು ಎಂದ.

ಥ್ರೇಸಿಯನ್ನರು ತಮ್ಮ ನಂಬಿಕೆಗಳ ಗ್ರಂಥ ಬಿಟ್ಟುಹೋಗಿಲ್ಲ. ನಾವು ಓದೋದು ಪಕ್ಕದ ಮನೆಯವರು ಹೇಳಿದ ಮಾತು. ಅಷ್ಟು ಎಚ್ಚರದಿಂದಲೇ ಓದೋಣ.