ಬೈಂಡ್ ಓವರ್, ರೌಡಿ ಶೀಟ್, ಗೂಂಡಾ ಕಾಯ್ದೆ: ಕುಂದುರ್ಪಿ ಗಡಿಯಲ್ಲಿ ಕಾನೂನು ಹೇಗೆ ಕೆಲಸ ಮಾಡುತ್ತದೆ?

ಕುಂದುರ್ಪಿ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ಕಲ್ಯಾಣದುರ್ಗದ ಕಡೆಗಿರುವ ಮಂಡಲ ಕೇಂದ್ರ. ಗಡಿ ದಾಟಿದರೆ ಕರ್ನಾಟಕದ ಪಾವಗಡ ತಾಲೂಕು. ವ್ಯಾಪಾರ, ನೆಂಟಸ್ತನ ಎರಡೂ ಕಡೆ ಇದೆ. ಜನ ತೆಲುಗನ್ನೂ ಆಡುತ್ತಾರೆ, ಕನ್ನಡವನ್ನೂ ಆಡುತ್ತಾರೆ. ಆದರೆ ಒಂದೇ ತಪ್ಪಿಗೆ ಗಡಿಯ ಆಚೆ ಈಚೆ ಬೇರೆ ಬೇರೆ ಕಾನೂನು.

ಉದಾಹರಣೆಗೆ ಮದ್ಯವನ್ನೇ ತಗೊಳ್ಳಿ. 2019ರಿಂದ 2024ರವರೆಗೆ ಆಂಧ್ರದಲ್ಲಿ ಸರ್ಕಾರವೇ ಮದ್ಯದಂಗಡಿ ನಡೆಸಿತು, ಬೆಲೆಯನ್ನೂ ಏರಿಸಿತು. ಆಗ ಕರ್ನಾಟಕದ ಅಗ್ಗದ ಪ್ಯಾಕೆಟ್‌ಗಳು ಗಡಿ ಜಿಲ್ಲೆಗಳಿಗೆ ಕಳ್ಳದಾರಿಯಲ್ಲಿ ಹೋದವು. ಈಚೆ ಬಿಲ್ ಕೊಟ್ಟು ಮಾರುವ ಸರಕು ಆಚೆ ಅಪರಾಧದ ಸರಕಾಯಿತು. ಅದನ್ನು ಸಾಗಿಸುವುದನ್ನೇ ಕಸುಬು ಮಾಡಿಕೊಂಡವನ ಮೇಲೆ ಬರೀ ಅಬಕಾರಿ ಕೇಸಲ್ಲ, ಇನ್ನೂ ದೊಡ್ಡ ಕಾಯ್ದೆಯೂ ಬೀಳಬಹುದು.

ಊರಲ್ಲಿ ಪುಂಡಾಟ ಮಾಡುವವರನ್ನು, ಅಂಗಡಿಯವರಿಂದ ಮಾಮೂಲಿ ಕೀಳುವವರನ್ನು, ಹೆಣ್ಣುಮಕ್ಕಳನ್ನು ಪೀಡಿಸುವವರನ್ನು ತಡೆಯಲಿಕ್ಕೆ ಶಾಸಕರು ಮಾಡಿರುವ ಕಾನೂನುಗಳನ್ನು ಮೂರು ಮೆಟ್ಟಿಲು ಅಂತ ತಿಳಿದುಕೊಂಡರೆ ಸುಲಭ. ಮೇಲೆ ಹೋದ ಹಾಗೆ ಪೊಲೀಸರ ಅಧಿಕಾರ ಹೆಚ್ಚುತ್ತದೆ, ಕೋರ್ಟಿನಲ್ಲಿ ಸಾಬೀತು ಮಾಡಬೇಕಾದ ಭಾರ ಕಡಿಮೆ ಆಗುತ್ತದೆ.

ಮೊದಲ ಮೆಟ್ಟಿಲು: ಮಾಡಿದ ತಪ್ಪಿಗೆ ಶಿಕ್ಷೆ

ಇದು ಎಲ್ಲರಿಗೂ ಗೊತ್ತಿರುವ ದಾರಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆದರಿಸಿ ಹಣ ಕಿತ್ತರೆ ಸೆಕ್ಷನ್ 308, ಬೆದರಿಕೆ ಹಾಕಿದರೆ 351, ಹೆಣ್ಣುಮಕ್ಕಳ ಬೆನ್ನು ಬಿದ್ದು ಪೀಡಿಸಿದರೆ 78. ಹಣ ಕಿತ್ತ ಅಪರಾಧಕ್ಕೆ ಹಿಂದೆ ಮೂರು ವರ್ಷ ಇದ್ದ ಗರಿಷ್ಠ ಶಿಕ್ಷೆ ಈಗ ಏಳು ವರ್ಷ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದವನಿಗೆ ಸೆಕ್ಷನ್ 355ರ ಪ್ರಕಾರ 24 ಗಂಟೆವರೆಗೆ ಸಜೆ, 1,000 ರೂಪಾಯಿವರೆಗೆ ದಂಡ, ಅಥವಾ ಸಮುದಾಯ ಸೇವೆ. ಜೈಲಿನ ಬದಲು ಊರಿನ ಕೆಲಸ ಮಾಡಿಸುವ ಈ ಶಿಕ್ಷೆ ಹಳೆ ಐಪಿಸಿಯಲ್ಲಿ ಇರಲಿಲ್ಲ.

ಇಲ್ಲಿ ದೂರು ಬೇಕು, ಸಾಕ್ಷಿ ಬೇಕು, ಜಡ್ಜ್ ಎದುರು ವಿಚಾರಣೆ ಆಗಬೇಕು. ತೊಂದರೆ ಇರುವುದೂ ಅಲ್ಲೇ. ಪುಂಡನ ಎದುರು ನಿಂತು ಸಾಕ್ಷಿ ಹೇಳಲು ಚಿಕ್ಕ ಅಂಗಡಿಯವನಿಗೆ ಧೈರ್ಯ ಬರೋದಿಲ್ಲ. ನಾಳೆಯೂ ಅದೇ ಬೀದಿಯಲ್ಲಿ ಬಾಗಿಲು ತೆಗೀಬೇಕಲ್ಲ.

ಎರಡನೇ ಮೆಟ್ಟಿಲು: ಮುಚ್ಚಳಿಕೆ ಮತ್ತು ನಿಗಾ

ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬೈಂಡ್ ಓವರ್. ಚುನಾವಣೆ, ಜಾತ್ರೆ, ಹಬ್ಬ ಬಂದರೆ ಸಾಕು, ಪೊಲೀಸರು ಕೆಲವರ ಹೆಸರು ಬರೆದು ತಹಶೀಲ್ದಾರರಿಗೆ ಕಳಿಸುತ್ತಾರೆ. ತಹಶೀಲ್ದಾರ್ ಇಲ್ಲಿ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 126ರಲ್ಲಿ ಶಾಂತಿ ಕಾಪಾಡುತ್ತೇನೆ ಅಂತ ಗರಿಷ್ಠ ಒಂದು ವರ್ಷಕ್ಕೆ ಬಾಂಡ್ ಬರೆಸಬಹುದು. ಪದೇಪದೇ ತಪ್ಪು ಮಾಡುವವರಿಂದ ಸೆಕ್ಷನ್ 129ರಲ್ಲಿ ಮೂರು ವರ್ಷದವರೆಗೆ.

ಬಹಳ ಮಂದಿ 'ಬರೀ ಸಹಿ ತಾನೆ' ಅಂತ ಹಾಕಿ ಬರುತ್ತಾರೆ. ಸಹಿಗೆ ಮೊದಲು ತಿಳಿದಿರಬೇಕಾದ್ದು ಇಷ್ಟು. ಯಾವ ಮಾಹಿತಿ ಮೇಲೆ ಕರೆಸಿದ್ದಾರೆ, ಎಷ್ಟು ಮೊತ್ತದ ಬಾಂಡ್, ಎಷ್ಟು ದಿನಕ್ಕೆ ಎಂಬುದನ್ನು ಮ್ಯಾಜಿಸ್ಟ್ರೇಟರು ಲಿಖಿತ ಆದೇಶದಲ್ಲಿ ಹೇಳಬೇಕು. ಮಾಹಿತಿ ನಿಜವೋ ಸುಳ್ಳೋ ಎಂದು ವಿಚಾರಣೆ ಮಾಡಬೇಕು. ಆರು ತಿಂಗಳಲ್ಲಿ ವಿಚಾರಣೆ ಮುಗಿಯದಿದ್ದರೆ, ವಿಶೇಷ ಕಾರಣ ಬರೆದಿಡದ ಹೊರತು ಪ್ರಕರಣ ಅಲ್ಲಿಗೇ ಬಿದ್ದುಹೋಗುತ್ತದೆ. ಬಾಂಡ್ ಕೊಡು ಎಂಬ ಆದೇಶದ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದು.

ರೌಡಿ ಶೀಟ್ ಬೇರೆ. ಅದು ಶಾಸನಸಭೆ ಮಾಡಿದ ಕಾನೂನಲ್ಲ. ಆಂಧ್ರದಲ್ಲಿ ಪೊಲೀಸ್ ಸ್ಥಾಯಿ ಆದೇಶಗಳ, ಕರ್ನಾಟಕದಲ್ಲಿ ಪೊಲೀಸ್ ಕೈಪಿಡಿಯ ಪ್ರಕಾರ ಠಾಣೆಯಲ್ಲಿ ತೆರೆಯುವ ದಾಖಲೆ ಅದು. ಶಾಸನದ ಬೆಂಬಲವಿಲ್ಲದೆ ಹೀಗೆ ಒಬ್ಬನ ಖಾಸಗಿ ಬದುಕಿನ ಮೇಲೆ ನಿಗಾ ಇಡುವುದು ಸರಿಯೇ ಎಂಬ ಪ್ರಶ್ನೆಯನ್ನು 2022ರಲ್ಲಿ ಆಂಧ್ರ ಹೈಕೋರ್ಟಿನ ಏಕಸದಸ್ಯ ಪೀಠ ಗಂಭೀರವಾಗಿ ಎತ್ತಿತು. ಆದರೂ ಪದ್ಧತಿ ನಿಂತಿಲ್ಲ.

ಕರಾವಳಿಯವರಿಗೆ ಪರಿಚಯವಿರುವ ಗಡಿಪಾರು ಕೂಡ ಇದೇ ಮೆಟ್ಟಿಲಿನದು. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಸೆಕ್ಷನ್ 55 ಅದಕ್ಕೆ ಆಧಾರ. ಗಡಿಪಾರು ಮಾಡುವ ಮೊದಲು ಆರೋಪವೇನು ಎಂದು ಲಿಖಿತವಾಗಿ ತಿಳಿಸಿ, ಆ ವ್ಯಕ್ತಿಯ ಮಾತು ಕೇಳಲೇಬೇಕು.

ಮೂರನೇ ಮೆಟ್ಟಿಲು: ತಪ್ಪು ಮಾಡುವ ಮೊದಲೇ ಬಂಧನ

ಆಂಧ್ರದ 1986ರ ಕಾಯ್ದೆಯನ್ನು ಜನ ಪಿಡಿ ಆಕ್ಟ್ ಅಂತಾರೆ. ಕಳ್ಳಸಾರಾಯಿ ದಂಧೆಯವರು, ಡಕಾಯಿತರು, ಮಾದಕವಸ್ತು ಮಾರುವವರು, ಗೂಂಡಾಗಳು, ವೇಶ್ಯಾವಾಟಿಕೆ ದಂಧೆಯವರು, ಭೂಗಳ್ಳರು ಇದರ ಪಟ್ಟಿಯಲ್ಲಿದ್ದಾರೆ. ಕರ್ನಾಟಕದ ಗೂಂಡಾ ಕಾಯ್ದೆ ಇದಕ್ಕಿಂತ ಒಂದು ವರ್ಷ ಹಳೆಯದು, 1985ರದ್ದು. ಅದರಲ್ಲಿ ಜೂಜುಕೋರರೂ ಇದ್ದಾರೆ. 2014ರ ತಿದ್ದುಪಡಿಯಲ್ಲಿ ಆಸಿಡ್ ದಾಳಿಕೋರರು, ಡಿಜಿಟಲ್ ಅಪರಾಧಿಗಳು ಮುಂತಾದವರೂ ಸೇರಿದರು.

ಈ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಒಳಗೆ ಇಡಬಹುದು. ಆದ್ದರಿಂದಲೇ ಸಂವಿಧಾನದ 22ನೇ ವಿಧಿ ಕೆಲವು ಬೇಲಿ ಹಾಕಿದೆ. ಕಾಯ್ದೆಯಲ್ಲೂ ದಿನಗಳ ಲೆಕ್ಕವಿದೆ. ಬಂಧನದ ಕಾರಣಗಳನ್ನು ಐದು ದಿನದೊಳಗೆ ತಿಳಿಸಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಪೊಲೀಸ್ ಕಮಿಷನರ್ ಹೊರಡಿಸಿದ ಆದೇಶವನ್ನು 12 ದಿನದೊಳಗೆ ರಾಜ್ಯ ಸರ್ಕಾರ ಒಪ್ಪಬೇಕು. ಮೂರು ವಾರದೊಳಗೆ ಸಲಹಾ ಮಂಡಳಿಗೆ ಕಡತ ಹೋಗಬೇಕು, ಏಳು ವಾರದೊಳಗೆ ಮಂಡಳಿ ವರದಿ ಕೊಡಬೇಕು. ಸಾಕಷ್ಟು ಕಾರಣವಿಲ್ಲ ಅಂತ ಮಂಡಳಿ ಹೇಳಿದರೆ ಬಿಡಲೇಬೇಕು. ವ್ಯಾಪಾರದವರಿಗೆ ಜಿಎಸ್‌ಟಿ ರಿಟರ್ನ್ ತಾರೀಕು ಇದ್ದ ಹಾಗೆ ಇದು. ಗಡುವು ತಪ್ಪಿದರೆ ಕೋರ್ಟಿನಲ್ಲಿ ಆದೇಶವೇ ಬಿದ್ದುಹೋಗಬಹುದು. ಮನೆಯವರು ಆದೇಶದ ಪ್ರತಿ, ಕೈಗೆ ಸಿಕ್ಕ ತಾರೀಕು ಎರಡನ್ನೂ ಜೋಪಾನ ಮಾಡಬೇಕು.

ಇನ್ನೊಂದು ಮುಖ್ಯ ಅಂಶ ಇದೆ. 1965ರಲ್ಲಿ ರಾಮ್ ಮನೋಹರ್ ಲೋಹಿಯಾ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಇರುವ ಮೂರು ವೃತ್ತಗಳ ಮೂಲಕ ಇದನ್ನು ವಿವರಿಸಿದ್ದರು. ದೊಡ್ಡ ವೃತ್ತ ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಶಾಂತಿ, ಅದರೊಳಗೆ ದೇಶದ ಭದ್ರತೆ. ಇಬ್ಬರು ಬಡಿದಾಡಿದರೆ ಅದು ಕಾನೂನು ಸುವ್ಯವಸ್ಥೆಯ ವಿಷಯ. ಇಡೀ ಊರಿನ ಬದುಕು ಅಲುಗಾಡಿದರೆ ಮಾತ್ರ ಸಾರ್ವಜನಿಕ ಶಾಂತಿಯ ವಿಷಯ. ಗೂಂಡಾ ಕಾಯ್ದೆ ಹಾಕಲು ಎರಡನೆಯದು ಬೇಕು. ಒಂದು ಸಲ ಮದ್ಯದ ಪ್ಯಾಕೆಟ್ ಸಿಕ್ಕ ಮಾತ್ರಕ್ಕೆ ಯಾರೂ ಈ ಕಾಯ್ದೆಯ ದಂಧೆಕೋರ ಆಗೋದಿಲ್ಲ. ಆಂಧ್ರದ ಇದೇ 1986ರ ಕಾಯ್ದೆ ತೆಲಂಗಾಣದಲ್ಲೂ ಮುಂದುವರಿದಿದೆ. ಅಲ್ಲಿ ಇದನ್ನು ಸಿಕ್ಕಾಪಟ್ಟೆ ಬಳಸುವುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಅಮೀನಾ ಬೇಗಂ ಪ್ರಕರಣದಲ್ಲಿ ಕಟುವಾಗಿ ಟೀಕಿಸಿತು.

ಹಣೆಪಟ್ಟಿಯ ಹಳೆ ಪಾಠ

ಬೇರೆ ದೇಶದಲ್ಲೂ ಇದೇ ತಿಣುಕಾಟ. ಬ್ರಿಟನ್ 1998ರಲ್ಲಿ ಸಮಾಜವಿರೋಧಿ ವರ್ತನೆಗೆ ನಿರ್ಬಂಧ ಆದೇಶ ತಂದಿತು. ಆದೇಶ ಸಿವಿಲ್ ಸ್ವರೂಪದ್ದು, ಮೀರಿದರೆ ಮಾತ್ರ ಐದು ವರ್ಷದವರೆಗೆ ಜೈಲು. ಹುಡುಗರು ಅದನ್ನು ಬಿರುದಿನಂತೆ ಹೇಳಿಕೊಂಡು ತಿರುಗುತ್ತಾರೆ ಎಂಬ ದೂರೂ ಬಂತು. 2014ರ ಕಾಯ್ದೆಯಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದನ್ನು ಬದಲಿಸಲಾಯಿತು.

ಅನಂತಪುರದ ಸೀಮೆಗೆ ಇನ್ನೂ ಹತ್ತಿರದ ಪಾಠವಿದೆ. ಆಗ ಇದು ಮದ್ರಾಸ್ ಪ್ರಾಂತ್ಯ. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಇಲ್ಲಿಗೂ ಬಂತು. ಕನ್ನಡ ಸೀಮೆಯಲ್ಲಿ ಕೊರಚ, ಕೊರಮ ಎನ್ನುವ, ತೆಲುಗಿನಲ್ಲಿ ಎರುಕಲ ಎನ್ನುವ ಸಮುದಾಯಗಳು ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹೊತ್ತವು. ಕಾಯ್ದೆ 1952ರಲ್ಲಿ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿ ಕಾಯ್ದೆಗಳು ಬಂದವು, ಕರ್ನಾಟಕದಲ್ಲಿ 1961ರಲ್ಲಿ, ಆಂಧ್ರದಲ್ಲಿ 1962ರಲ್ಲಿ. ಕಾನೂನು ಹೋದರೂ ಗುಮಾನಿ ಹೋಗಲಿಲ್ಲ.

ಪುಂಡಾಟಕ್ಕೆ ಕಡಿವಾಣ ಬೇಕೇ ಬೇಕು. ಅದರ ನಷ್ಟ ಮೊದಲು ತಟ್ಟುವುದು ತಳ್ಳುಗಾಡಿಯವನಿಗೆ, ಚಿಕ್ಕ ಅಂಗಡಿಯವನಿಗೆ, ಕಾಲೇಜಿಗೆ ಹೋಗುವ ಹುಡುಗಿಗೆ. ಆದರೆ ಕಾನೂನಿನ ಕೈ ಮಾಡಿದ ಕೃತ್ಯವನ್ನು ಹಿಡಿಯಬೇಕು, ಹೆಸರನ್ನೋ ಕೇರಿಯನ್ನೋ ಅಲ್ಲ. ಹಾಗಾಗಿ ತಹಶೀಲ್ದಾರ್ ಕಚೇರಿಯಿಂದ ನೋಟಿಸ್ ಬಂದಾಗ ಹೆದರಿ ಅಡಗಿ ಕೂರಬಾರದು, ಓದದೆ ಸಹಿಯನ್ನೂ ಹಾಕಬಾರದು. ವಕೀಲರಿಗೆ ತೋರಿಸಲು ಆಗದಿದ್ದರೆ ತಾಲೂಕು ಅಥವಾ ಮಂಡಲ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ.